ಓಟಕ್ಕೆ ಬೇಕಾದುದು ವೇಗವಲ್ಲ, ವ್ಯವಧಾನ

ಜನವರಿ ಬಂತೆಂದರೆ ಮುಂಬಯಿಯಲ್ಲಿ ಓಟದ ಗಾಳಿ ಬೀಸತೊಡಗುತ್ತದೆ. 2004ರಲ್ಲಿ ಆರಂಭಗೊಂಡ ಮುಂಬಯಿ ಮ್ಯಾರಥಾನ್ ಈ ಮಹಾನಗರದ ಸಾಮಾನ್ಯ ಜನರಿಗೂ ಓಟದ ಹುಚ್ಚು ಹಿಡಿಸಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಟಿವಿಯಲ್ಲಿ ಅದನ್ನು ಕಂಡ ಐವತ್ತರ ಗೃಹಸ್ಥ ಮರುವಾರವೇ ಹೊಸ ಶೂ ಕೊಂಡು ಮೈದಾನಕ್ಕಿಳಿಯುತ್ತಾನೆ. ಮೊದಲ ದಿನವೇ ಏದುಸಿರು ಬಿಡುತ್ತಾ ಎರಡು-ಮೂರು ಕಿಲೋಮೀಟರ್ ಓಡುತ್ತಾನೆ. ತಿಂಗಳು ತುಂಬುವುದರೊಳಗೆ ಮೊಣಗಂಟು ಹಿಡಿದುಕೊಂಡು ಕೂರುತ್ತಾನೆ. ಶೂ ಕಪಾಟು ಸೇರುತ್ತದೆ. 'ಈ ಪ್ರಾಯದಲ್ಲಿ ಇದೆಲ್ಲ ಬೇಕಿತ್ತೇ?' ಎಂದು ಮನೆಯವರ ತೀರ್ಪೂ ಹೊರಬೀಳುತ್ತದೆ.

ಆದರೆ ತಪ್ಪು ಪ್ರಾಯದ್ದಲ್ಲ, ಆತುರದ್ದು.

ಮುಂಬಯಿ ಕನ್ನಡಿಗನ ದಿನಚರಿಯನ್ನೇ ನೋಡಿದರೆ ಸಾಕು. ಕಚೇರಿಯವನು ಎಂಟು ಗಂಟೆ ಕುರ್ಚಿಗೆ ಅಂಟಿರುತ್ತಾನೆ, ಹೋಟೆಲಿನವನು ಬೆಳಗ್ಗಿನಿಂದ ರಾತ್ರಿಯವರೆಗೆ ಗಲ್ಲೆಯಲ್ಲಿರುತ್ತಾನೆ. ಓಟವೆಂದರೆ ಡೊಂಬಿವಲಿ, ವಿರಾರ್ ಲೋಕಲ್ ಹಿಡಿಯಲು ಸೇತುವೆಯ ಮೆಟ್ಟಿಲಿಳಿಯುವಷ್ಟೇ. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ದೇಹತೂಕದ ಎರಡು-ಮೂರು ಪಟ್ಟು ಭಾರ ಬೀಳುತ್ತದೆ. ಎಪ್ಪತ್ತು ಕಿಲೋ ತೂಗುವವನ ಒಂದೊಂದು ಕಾಲೂ ಸಾವಿರಾರು ಬಾರಿ 140ರಿಂದ 210 ಕಿಲೋದಷ್ಟು ಭಾರ ಹೊರಬೇಕು. ಇಪ್ಪತ್ತೈದು ವರ್ಷ ಓಡದ ಕಾಲಿಗೆ ಇದನ್ನು ಒಮ್ಮೆಲೇ ಹೊರಿಸಿದರೆ ಅದು ತಾಳೀತು ಹೇಗೆ?

ಇನ್ನೊಂದು ಸೂಕ್ಷ್ಮವಿದೆ. ಅಭ್ಯಾಸ ಆರಂಭಿಸಿದ ಕೆಲವೇ ವಾರಗಳಲ್ಲಿ ಹೃದಯ, ಶ್ವಾಸಕೋಶ ಸುಧಾರಿಸುತ್ತವೆ. ಎಲುಬು, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೂರು-ನಾಲ್ಕು ವಾರ ಕಳೆದಾಗ ಉಸಿರು ಸಲೀಸಾಗಿ, 'ಇನ್ನೂ ಓಡಬಲ್ಲೆ' ಎಂಬ ಹುರುಪು ಮೂಡುತ್ತದೆ. ಕಾಲು ಮಾತ್ರ ಇನ್ನೂ ಸಿದ್ಧವಾಗಿರುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆ ಹೊಸಬರಿಗೆ ಸೂಚಿಸುವ ಒಂಬತ್ತು ವಾರಗಳ ಕ್ರಮ ಇಲ್ಲಿಗೂ ಒಪ್ಪುತ್ತದೆ. ವಾರಕ್ಕೆ ಮೂರು ದಿನ ಮಾತ್ರ ಓಟ, ನಡುವೆ ಬಿಡುವು. ಮೊದಲು ಐದು ನಿಮಿಷ ಬಿರುಸಿನ ನಡಿಗೆ. ಬಳಿಕ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ನಡೆದಾಡುವ ರೂಢಿಯೂ ಇಲ್ಲದವರು ಇದಕ್ಕೂ ಮುನ್ನ ಒಂದು ತಿಂಗಳು ಬರೀ ನಡೆದರೆ ಒಳಿತು. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೊವೇ ಕೂಡ ನಡು ನಡುವೆ ನಡೆಯುತ್ತಾ ಓಡುವುದನ್ನೇ ಕಲಿಸಿದವರು. ಓಟದ ನಡುವೆ ನಡೆದರೆ ಸೋತಂತಲ್ಲ.

ವೇಗ ಎಷ್ಟಿರಬೇಕು? ಜೊತೆಗಾರನೊಡನೆ ಊರಿನ ಮಳೆ-ಬೆಳೆಯ ಸುದ್ದಿ ಪೂರ್ಣ ವಾಕ್ಯಗಳಲ್ಲಿ ಮಾತಾಡುವಂತಿರಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಜಪಾನಿನ ಫುಕುವೋಕ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಹಿರೋಅಕಿ ತನಾಕಾ ಇದನ್ನು ನಗುನಗುತ್ತಾ ಓಡುವ ವೇಗವೆಂದು ಪ್ರಚಾರ ಮಾಡಿದರು. ಶಿವಾಜಿ ಪಾರ್ಕಿನಲ್ಲಿ ನಡೆಯುವ ಅಜ್ಜಿಯೇ ಹಿಂದಿಕ್ಕಿ ಹೋದರೂ ನಾಚಿಕೊಳ್ಳಬೇಕಾಗಿಲ್ಲ. ಬಹುಪಾಲು ಮೊಣಗಂಟುಗಳನ್ನು ಕೆಡಿಸುವುದು ಈ ನಾಚಿಕೆಯೇ.

ನೋವಿನಲ್ಲೂ ಭೇದವಿದೆ. ಎರಡೂ ಕಾಲು ಸಮನಾಗಿ ಜಡವಾಗಿ, ಎರಡು ದಿನಗಳಲ್ಲಿ ಹೋಗುವ ನೋವಿಗೆ ಹೆದರಬೇಕಿಲ್ಲ. ಒಂದೇ ಕಡೆ ಚುಚ್ಚುವ, ಓಡಿದಷ್ಟೂ ಏರುವ, ಬೆಳಗ್ಗೆ ಹಿಮ್ಮಡಿ ಊರಲು ಬಿಡದ ನೋವು ಬಂದರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಬಿಪಿ, ಸಕ್ಕರೆ ಕಾಯಿಲೆ ಇರುವವರು, ಮನೆತನದಲ್ಲಿ ಹೃದಯದ ತೊಂದರೆ ಇರುವವರು ಆರಂಭಕ್ಕೆ ಮುನ್ನವೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಬೇಕು. ಅಲ್ಲಿ ಧೈರ್ಯ ತೋರುವುದು ಮೂರ್ಖತನ. ಎದ್ದುಬಿದ್ದ ಪೇವರ್ ಬ್ಲಾಕ್‌ಗಳ ಫುಟ್‌ಪಾತ್‌ಗಿಂತ ಮೈದಾನದ ಸಮತಟ್ಟಾದ ಮಣ್ಣು ಮೇಲು. ಮುಂಬಯಿಯ ಸೆಕೆಗೆ ಸೂರ್ಯೋದಯಕ್ಕೆ ಮುನ್ನಿನ ಹೊತ್ತೇ ಸರಿ.

ಸಂಘ-ಸಂಸ್ಥೆಗಳ ಹೊಣೆಯೂ ಇಲ್ಲಿದೆ. ವಾರ್ಷಿಕ ಕ್ರೀಡಾಕೂಟದಲ್ಲಿ ಐವತ್ತು ದಾಟಿದವರಿಗೆ ನೂರು ಮೀಟರ್ ಓಟವಿಟ್ಟು, ವರ್ಷವಿಡೀ ಓಡದವರನ್ನು ಸೀಟಿಯೂದಿ ಓಡಿಸುವುದು ಎಷ್ಟು ಸರಿ? ತೊಡೆಯ ಹಿಂಬದಿಯ ಸ್ನಾಯು ಹರಿದು ಕುಂಟುತ್ತಾ ಮನೆ ಸೇರುವವರನ್ನು ಕಂಡು ನಕ್ಕು ಮರೆಯುವುದು ಸಲ್ಲದು. ಬದಲಿಗೆ ಕ್ರೀಡಾಕೂಟಕ್ಕೆ ಮೂರು ತಿಂಗಳಿರುವಾಗಲೇ ಯುವ ವಿಭಾಗ, ಮಹಿಳಾ ವಿಭಾಗಗಳು ಸೇರಿ ಪ್ರತಿ ರವಿವಾರ ಮುಂಜಾನೆ ನಡಿಗೆ-ಓಟದ ಕೂಟ ನಡೆಸಲಿ. ಖರ್ಚು ಶೂನ್ಯ, ಸಭಾಂಗಣದ ಬಾಡಿಗೆಯೂ ಇಲ್ಲ. ಹಿರಿಯರ ವಿಭಾಗದಲ್ಲಿ ಬಹುಮಾನ ಮೊದಲು ತಲುಪಿದವರಿಗಲ್ಲ, ಒಂದು ರವಿವಾರವೂ ತಪ್ಪಿಸದವರಿಗೆ ಸಲ್ಲಲಿ.

ರಿಕರಿಂಗ್ ಡಿಪಾಸಿಟ್ ಕಟ್ಟುವವನಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ತಿಂಗಳ ಕಂತು ಸಣ್ಣದಿದ್ದರೂ ತಪ್ಪದೆ ಕಟ್ಟಿದವನ ಕೈಗೆ ಕೊನೆಗೆ ಇಡಿಗಂಟು ಬರುತ್ತದೆ. ಮೊದಲ ತಿಂಗಳೇ ಸಂಬಳವೆಲ್ಲ ಸುರಿದವನು ಎರಡನೆಯ ಕಂತಿಗೇ ಸಾಲ ಹುಡುಕಬೇಕಾಗುತ್ತದೆ. ಕಾಲಿನ ಖಾತೆಯ ಲೆಕ್ಕವೂ ಇದೇ, ಆದರೆ ಅಲ್ಲಿ ಸಾಲ ಕೊಡುವವರು ಯಾರೂ ಇಲ್ಲ.