ತಲೆಕೆಳಗಾಗಿದ್ದು ಹಾಳೆಯಲ್ಲ, ನಾನು

ಕಳೆದ ಭಾನುವಾರ ಅರ್ಧ ಗಂಟೆ ಕೂತು ಗಿಟಾರಿನಲ್ಲಿ ಒಂದು ಟ್ಯೂನ್ ನುಡಿಸಿದೆ. ಟ್ಯೂನ್ ಅನ್ನೋದಕ್ಕಿಂತ ಗಲಾಟೆ ಅನ್ನಬಹುದು. ಐನೂರು ವರ್ಷ ಹಳೆಯದು, ಆಗಿನವರ ಕಿವಿಯೇ ಬೇರೆ ಇತ್ತೇನೋ ಅಂತ ಸಮಾಧಾನ ಮಾಡಿಕೊಂಡೆ. ಆಮೇಲೆ ಗೊತ್ತಾಯ್ತು, ಗೆರೆಗಳನ್ನು ನಾನು ಕೆಳಗಿನಿಂದ ಮೇಲಕ್ಕೆ ಓದಬೇಕಿತ್ತು!

ಅದು ಸಾಲ್ಟರೆಲ್ಲೊ, ಇಟಲಿಯ ಕುಣಿತದ ಸಂಗೀತ. ಇಟಾಲಿಯನ್ನಿನಲ್ಲಿ ‘ಸಾಲ್ತಾರೆ’ ಅಂದರೆ ನೆಗೆಯುವುದು. ನನ್ನ ಕೈಗೆ ಸಿಕ್ಕಿದ್ದು ಮಿಲಾನಿನ ಜೊವಾನ್ ಆಂಬ್ರೋಸಿಯೊ ಡಾಲ್ಜಾ ಲ್ಯೂಟ್ ವಾದ್ಯಕ್ಕೆ ಬರೆದದ್ದು. ವೆನಿಸ್‌ನಲ್ಲಿ ಒಟ್ಟಾವಿಯಾನೊ ಪೆಟ್ರುಚ್ಚಿ ಎಂಬ ಮುದ್ರಕ 1508ರಲ್ಲಿ ಅದನ್ನು ಅಚ್ಚು ಹಾಕಿದ. ಆ ಪುಸ್ತಕ ಬಿಟ್ಟರೆ ಡಾಲ್ಜಾನ ಬದುಕಿನ ಬಗ್ಗೆ ಹೆಚ್ಚೇನೂ ಉಳಿದಿಲ್ಲ.

ಪುಟದಲ್ಲಿ ಸ್ವರಗಳೇ ಇಲ್ಲ. ಆರು ತಂತಿಗಳಿಗೆ ಆರು ಗೆರೆ, ಗೆರೆ ಮೇಲೆ ಅಂಕಿ. 0 ಅಂದರೆ ಖಾಲಿ ತಂತಿ, 2 ಅಂದರೆ ಎರಡನೇ ಫ್ರೆಟ್. ಮೇಲೆ ಪುಟ್ಟ ಬಾವುಟದಂಥ ಗುರುತುಗಳು, ಎಷ್ಟು ಹೊತ್ತು ಅಂತ ಹೇಳೋಕೆ. ಇವತ್ತಿನ ಗಿಟಾರ್ ಟ್ಯಾಬ್‌ನಲ್ಲಿ ತೆಳು ತಂತಿ ಎಲ್ಲಕ್ಕಿಂತ ಮೇಲಿನ ಗೆರೆ. ಇಲ್ಲಿ ದಪ್ಪ ತಂತಿ ಮೇಲೆ. ವಾದ್ಯವನ್ನು ತೊಡೆ ಮೇಲಿಟ್ಟು ಬಗ್ಗಿ ನೋಡಿ, ಕಣ್ಣಿಗೆ ಹತ್ತಿರ ಇರೋದು ದಪ್ಪ ತಂತಿಯೇ ತಾನೆ? ಅವರ ಲೆಕ್ಕ ಸರಿಯಾಗಿಯೇ ಇತ್ತು.

ಇನ್ನೊಂದು ಕೆಲಸ ಬಾಕಿ ಇತ್ತು. ಗಿಟಾರಿನ ಮೂರನೇ ತಂತಿಯನ್ನು ಜಿ ಇಂದ ಎಫ್ ಶಾರ್ಪ್‌ಗೆ, ಅಂದರೆ ಅರ್ಧ ಸ್ವರ ಇಳಿಸಿದರೆ, ತಂತಿಗಳ ನಡುವಿನ ಅಂತರ ಲ್ಯೂಟಿನದ್ದೇ ಆಗುತ್ತದೆ. ಇಳಿಸಿದೆ. ಅದೇ ಅಂಕಿಗಳು ಈಗ ಕುಣಿಯತೊಡಗಿದವು.

ಡಾಲ್ಜಾನ ಪುಸ್ತಕದಲ್ಲಿ ಪವಾನಗಳಿಗೆ ಜೊತೆಯಾಗಿ ಸಾಲ್ಟರೆಲ್ಲೊ, ಪೀವಾ ಬರುತ್ತವೆ. ಪವಾನ ಗಂಭೀರ ನಡಿಗೆ, ಎರಡರ ಎಣಿಕೆ. ಅದೇ ಸಂಗೀತದ ಎಳೆ ಹಿಡಿದು ಸಾಲ್ಟರೆಲ್ಲೊ ಮೂರರ ಎಣಿಕೆಗೆ ಜಿಗಿಯುತ್ತದೆ. ಪೀವಾ ಇನ್ನೂ ಚುರುಕು. ಚತುರಶ್ರದಿಂದ ತಿಶ್ರಕ್ಕೆ ಹೊರಳಿದಾಗ ಆಗುವ ಖುಷಿ ಗೊತ್ತಿದ್ದವರಿಗೆ ಇದು ಬೇಗ ಹಿಡಿಸುತ್ತದೆ.

ನನ್ನನ್ನು ತಟ್ಟಿದ್ದು ಮಾತ್ರ ಬೇರೆ. ಪೆಟ್ರುಚ್ಚಿಯ ಲ್ಯೂಟ್ ಪುಸ್ತಕಗಳ ಮೊದಲಲ್ಲೇ ಒಂದು ಸೂಚನೆ ಇದೆ, ಹಾಡಲು ಬಾರದವರಿಗಾಗಿ. ಅಂದರೆ ಸ್ವರಲಿಪಿ ಓದಲು ಬಾರದವರಿಗಾಗಿ. ಬೆರಳು ಎಲ್ಲಿಡಬೇಕು ಅಂತ ತಿಳಿದರೆ ಸಾಕು, ಬನ್ನಿ ಅಂತ.

ಶಾಲೆಯಲ್ಲಿದ್ದಾಗ ಸಂಗೀತ ತರಗತಿಯ ಎರಡನೇ ವಾರವೇ ‘ನಿನಗೆ ಶ್ರುತಿ ನಿಲ್ಲಲ್ಲ, ಮನೆಗೆ ಹೋಗು’ ಅನ್ನಿಸಿಕೊಂಡವನು ನಾನು. ಮೊದಲ ಸಂಬಳದಲ್ಲಿ ಗಿಟಾರ್ ಕೊಂಡರೂ ಅದು ವರ್ಷಗಟ್ಟಲೆ ಬೀರುವಿನ ಪಕ್ಕ ಧೂಳು ತಿಂತು. ಬಾರದವರಿಗೂ ಒಂದು ಪುಟ ಮೀಸಲಿಡಬೇಕು ಅಂತ 1508ರಲ್ಲಿ ಯಾರಿಗೋ ಅನ್ನಿಸಿತ್ತಲ್ಲ! ಆಫೀಸಿನಲ್ಲಿ ನಾವು ಬರೆಯುವ ಡಾಕ್ಯುಮೆಂಟ್‌ಗಳು ಆಗಲೇ ಎಲ್ಲ ಗೊತ್ತಿರುವವರಿಗೆ ಮಾತ್ರ ಅರ್ಥ ಆಗೋದು. ಸೋಮವಾರ ಹೋಗಿ ನಮ್ಮ ಟೀಮಿನದ್ದನ್ನು ತೆರೆದು, ಮೊದಲ ಪುಟ ಹೊಸದಾಗಿ ಬರೆದೆ.

ಸಾಲ್ಟರೆಲ್ಲೊ ಮೂರನೇ ಸಾಲಿನಲ್ಲಿ ಈಗಲೂ ಎಡವುತ್ತೇನೆ. ಪಕ್ಕದ ಮನೆಯವರು ಇನ್ನೂ ಬಾಗಿಲು ತಟ್ಟಿಲ್ಲ.