ಪರದೆ ಎಲ್ಲಿ ಬೀಳುತ್ತದೆ ಎಂದು ಯಾರೂ ಕೇಳುವುದಿಲ್ಲ

ನಮ್ಮ ಪದವಿ ಕಾಲೇಜುಗಳಲ್ಲಿ ನಾಟಕಕ್ಕೆ ಸಾಮಾನ್ಯವಾಗಿ ಸಿಗುವುದು ಎರಡೇ ಜಾಗ. ಒಂದು ಕನ್ನಡ ಪಠ್ಯಪುಸ್ತಕ, ಇನ್ನೊಂದು ವಾರ್ಷಿಕೋತ್ಸವ. ತರಗತಿಯಲ್ಲಿ ನಾಟಕವನ್ನು ಕಥೆಯ ಹಾಗೆ ಓದಿ, ಪಾತ್ರಗಳ ಗುಣಸ್ವಭಾವ ಬರೆದು ಅಂಕ ಪಡೆಯುತ್ತಾರೆ. ವಾರ್ಷಿಕೋತ್ಸವಕ್ಕೆ ಹದಿನೈದು ದಿನದ ತಾಲೀಮು, ಬಾಡಿಗೆ ಬಟ್ಟೆ, ಬಾಡಿಗೆ ಲೈಟು, ನಾಲ್ಕು ಫೋಟೊ, ಅಲ್ಲಿಗೆ ಮುಗಿಯಿತು. ಓದಿದ್ದನ್ನು ಆಡುವುದು ಹೇಗೆಂದು ಕಲಿಸುವ ಮೂರನೆಯ ಜಾಗ ಬಹುತೇಕ ಕಡೆ ಇಲ್ಲ. ರಂಗಭೂಮಿ ಒಂದು ಐಚ್ಛಿಕ ವಿಷಯವಾಗಿ ಕಲೆ, ವಿಜ್ಞಾನ, ವಾಣಿಜ್ಯ ಎಂಬ ಭೇದವಿಲ್ಲದೆ ಎಲ್ಲ ವಿದ್ಯಾರ್ಥಿಗಳಿಗೂ ಸಿಗಬೇಕು ಎನ್ನುವುದು ನನ್ನ ವಾದ.

‘ತುಘಲಕ್’ ನಾಟಕವನ್ನೇ ನೋಡಿ. ಗಿರೀಶ ಕಾರ್ನಾಡರ ಈ 1964ರ ನಾಟಕದ ಬಗ್ಗೆ ಕೇಳಿದರೆ ಸುಲ್ತಾನನ ಆದರ್ಶ, ಹುಚ್ಚುತನ, ರಾಜಧಾನಿಯ ಸ್ಥಳಾಂತರ ಎಲ್ಲವನ್ನೂ ಮಕ್ಕಳು ಹೇಳುತ್ತಾರೆ. ಆದರೆ ಅದರ ಕಟ್ಟು ಕಂಪನಿ ನಾಟಕದಿಂದ ಬಂದದ್ದು. ಕಾರ್ನಾಡರೇ ಅದನ್ನು ವಿವರಿಸಿದ್ದಾರೆ. ಕಂಪನಿಯವರು ಬೀದಿಯ ಚಿತ್ರವಿದ್ದ ಪರದೆ ಇಳಿಬಿಟ್ಟು, ಅದರ ಮುಂದಿನ ಇಕ್ಕಟ್ಟು ಜಾಗದಲ್ಲಿ ಹಾಸ್ಯದ ದೃಶ್ಯ ಆಡಿಸುತ್ತಿದ್ದರು. ಅಷ್ಟರಲ್ಲಿ ಪರದೆಯ ಹಿಂದೆ ಅರಮನೆ ಸಜ್ಜಾಗುತ್ತಿತ್ತು. ರಾಜರಾಣಿಯರಿಗೆ ರಂಗದ ಆಳ, ಸಣ್ಣಪುಟ್ಟವರಿಗೆ ಪರದೆಯ ಮುಂಭಾಗ. ‘ತುಘಲಕ್’ನ ಅಜೀಜ್ ಮತ್ತು ಆಜಂ ಪರದೆಯ ಮುಂದಿನ ಆ ಜೋಡಿಯ ವಂಶದವರು. ಕೊನೆಯ, ಅಂದರೆ 13ನೇ ದೃಶ್ಯದಲ್ಲಿ ಅಗಸ ಅಜೀಜ್ ಅರಮನೆಯೊಳಕ್ಕೇ ಬಂದು ಸುಲ್ತಾನನಿಗೆ ಎದುರು ನಿಲ್ಲುತ್ತಾನೆ. ಪರದೆಯ ಮುಂದಿರಬೇಕಾದವನು ಹಿಂದಕ್ಕೆ ದಾಟಿಬಿಟ್ಟ ಎಂದು ತಿಳಿದರೆ, ರಾಜ್ಯ ಕುಸಿದಿರುವುದು ಕಣ್ಣಿಗೇ ಕಾಣುತ್ತದೆ. ಗುಣಸ್ವಭಾವದ ಎಷ್ಟು ಪುಟ ಬರೆದರೂ ಇದು ಹೊಳೆಯುವುದಿಲ್ಲ.

ನಾನಿರುವ ದೆಹಲಿಯಲ್ಲಿ ಇದೇ ನಾಟಕವನ್ನು 70ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿ ಅವರು ಪುರಾನಾ ಕಿಲಾದ ಕಲ್ಲುಗೋಡೆಗಳ ನಡುವೆ, ಬಯಲಲ್ಲಿ ಆಡಿಸಿದರು. ಮನೋಹರ್ ಸಿಂಗ್ ತುಘಲಕ್ ಆಗಿದ್ದರು. ಇಂಥ ಬಯಲಿಗೆ ಬಂದಾಗ ಪ್ರಶ್ನೆಗಳೇ ಬೇರೆ. ಬೀದಿ ಎಲ್ಲಿ, ಅರಮನೆ ಎಲ್ಲಿ? ಕಣ್ಣಿನ ಸಣ್ಣ ಚಲನೆ ಕೊನೆಯ ಸಾಲಿಗೆ ಕಾಣದಿದ್ದಾಗ ನಟನ ಮೈ ಏನು ಹೇಳಬೇಕು? ಜಾಗ ಬದಲಾದರೆ ಅಭಿನಯವೂ ಬದಲಾಗಬೇಕು. ರಂಗಶಿಕ್ಷಣದ ತಿರುಳು ಇದೇ.

ಅಭಿನಯದ ಶೈಲಿಗಳನ್ನೂ ಹೀಗೆಯೇ ಕಲಿಸಬೇಕು. ಕಂಪನಿಯ ನಟ ಮೈಕಿಲ್ಲದೆ ಹಿಂದಿನ ಸಾಲಿನವರೆಗೆ ಮಾತು ಮುಟ್ಟಿಸಬೇಕಿತ್ತು. ಅವನ ಎತ್ತರದ ದನಿಗೆ ಕಾರಣ ಅದು. ಸ್ತಾನಿಸ್ಲಾವ್‌ಸ್ಕಿಯ ನಟ ‘ಈ ಸ್ಥಿತಿಯಲ್ಲಿ ನಾನಿದ್ದಿದ್ದರೆ?’ ಎಂದು ಕೇಳಿಕೊಂಡು ಪಾತ್ರದೊಳಗೆ ಇಳಿಯುತ್ತಾನೆ. ಬ್ರೆಕ್ಟ್‌ನ ನಟ ಪಾತ್ರವನ್ನು ತೋರಿಸುತ್ತಲೇ ಪ್ರೇಕ್ಷಕನನ್ನು ಯೋಚನೆಗೆ ಹಚ್ಚುತ್ತಾನೆ. ಯಕ್ಷಗಾನದ ವೇಷಧಾರಿಗೆ ಹೆಜ್ಜೆ, ತಾಳ, ಅರ್ಥಗಾರಿಕೆಯೇ ಬಲ. ಇವುಗಳಲ್ಲಿ ಮೇಲುಕೀಳಿಲ್ಲ. ‘ಹಯವದನ’ದಲ್ಲಿ ಇಬ್ಬರ ತಲೆ ಅದಲುಬದಲಾಗುವ ಪ್ರಸಂಗವನ್ನು ಸೋಫಾ, ಕಿಟಕಿ ಇಟ್ಟ ಮನೆಯ ಸೆಟ್ಟಿನಲ್ಲಿ ಸಹಜ ಅಭಿನಯದಿಂದ ಮಾಡಿದರೆ ಜನ ನಗುತ್ತಾರೆ. ಭಾಗವತ, ಮುಖವಾಡ, ತೆರೆ ಬಂದರೆ ಅದೇ ಜನ ನಂಬುತ್ತಾರೆ.

ರಂಗವಿನ್ಯಾಸದ ಮಾತಿಗೆ ಬಂದರೆ, ಕಟ್ಟಡಗಳ ನಕ್ಷೆ ಮಾಡುವುದು ನನ್ನ ಹೊಟ್ಟೆಪಾಡಾದ್ದರಿಂದ ಧೈರ್ಯವಾಗಿ ಹೇಳಬಲ್ಲೆ: ಅಳತೆ, ಭಾರ, ಖರ್ಚು, ಗಡುವು ನಾಲ್ಕನ್ನೂ ಒಟ್ಟಿಗೆ ಕಲಿಸುವ ಪಾಠ ಇಷ್ಟು ಅಗ್ಗವಾಗಿ ಬೇರೆಲ್ಲೂ ಸಿಗುವುದಿಲ್ಲ. ಪಕ್ಕದ ಸೀಟಿನಿಂದ ಮಂಚದ ಆಚೆಗಿನ ನಟ ಕಾಣುತ್ತಾನೆಯೇ? ಮೆಟ್ಟಿಲು ಏಳು ಜನರ ಕುಣಿತ ತಡೆಯುತ್ತದೆಯೇ? ದೃಶ್ಯ ಬದಲಿಸಲು ಅರ್ಧ ನಿಮಿಷ ಸಾಕೇ? ಇದಕ್ಕೆಲ್ಲ ದೊಡ್ಡ ರಂಗಮಂದಿರ ಬೇಡ. ರಟ್ಟಿನಲ್ಲಿ ಮಾಡಿದ ಮಾದರಿ, ತರಗತಿಯ ಬೆಂಚು, ಒಂದು ಟಾರ್ಚು ಇದ್ದರೆ ಪಾಠ ಶುರುಮಾಡಬಹುದು. ಗದ್ದದ ಕೆಳಗಿನಿಂದ ಬಿದ್ದ ಬೆಳಕಿಗೂ, 45 ಡಿಗ್ರಿ ಮೇಲಿನಿಂದ ಬಿದ್ದ ಬೆಳಕಿಗೂ ಅದೇ ಮುಖ ಹೇಗೆ ಬೇರೆಯಾಗುತ್ತದೆ ಎಂದು ಟಾರ್ಚೇ ತೋರಿಸುತ್ತದೆ.

‘ಇದನ್ನು ಕಲಿತರೆ ಊಟಕ್ಕೇನು?’ ಎಂದು ಅಪ್ಪ ಅಮ್ಮ ಕೇಳುವುದು ತಪ್ಪಲ್ಲ. ನಟನೆಯನ್ನೇ ನಂಬಿ ಬದುಕುವುದು ಕಷ್ಟ. ಅದಕ್ಕೇ ನಾನು ಕೇಳುತ್ತಿರುವುದು ಪದವಿಯನ್ನಲ್ಲ, ಪದವಿಯೊಳಗೆ ಒಂದು ಪತ್ರಿಕೆಯನ್ನು. ರಂಗಭೂಮಿಯನ್ನೇ ಬದುಕಾಗಿಸಿಕೊಳ್ಳುವವರಿಗೆ ದಾರಿಗಳಿವೆ. 1959ರಲ್ಲಿ ಆರಂಭವಾದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ನಮ್ಮ ಬಿ.ವಿ. ಕಾರಂತರು ಮುಂದೆ ಅದಕ್ಕೇ ನಿರ್ದೇಶಕರಾದರು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1980ರಲ್ಲೇ ನೀನಾಸಂ ರಂಗಶಿಕ್ಷಣ ಕೇಂದ್ರ ತೆರೆದರು. ನನ್ನ ಚಿಂತೆ ಅಲ್ಲಿಗೆ ಹೋಗದ, ಬಿ.ಕಾಂ., ಬಿ.ಎಸ್ಸಿ. ಮುಗಿಸಿ ಬೇರೆ ಕೆಲಸಕ್ಕೆ ಸೇರುವ ಸಾವಿರಾರು ಮಕ್ಕಳದು. ನಾಳೆ ಟಿಕೆಟ್ ಕೊಂಡು ಬಂದು ಕೂರಬೇಕಾದ ಪ್ರೇಕ್ಷಕರು ಅವರೇ. ನೋಡಲು ಕಲಿತವರಿಲ್ಲದೆ ಆಡುವವರು ಎಷ್ಟು ದಿನ ಉಳಿದಾರು?

ಕಲಿಸುವವರು ಎಲ್ಲಿದ್ದಾರೆ ಎನ್ನಬೇಡಿ. ರಂಗಶಾಲೆಗಳಿಂದ ಹೊರಬಂದವರು ನಮ್ಮ ತಾಲ್ಲೂಕುಗಳಲ್ಲೇ ಇದ್ದಾರೆ; ಬೇಸಿಗೆ ಶಿಬಿರ ಬಂದಾಗ ಮಾತ್ರ ನಮಗೆ ನೆನಪಾಗುತ್ತಾರೆ. ಸ್ನಾತಕೋತ್ತರ ಪದವಿ, ಎನ್‌ಇಟಿ ಎಂಬ ಅರ್ಜಿಯ ಕಾಲಂಗಳಲ್ಲಿ ಅವರ ಡಿಪ್ಲೊಮಾ, ಅವರ ತಿರುಗಾಟ ಕೂರುವುದಿಲ್ಲ. ವಿಶ್ವವಿದ್ಯಾಲಯಗಳು ಮನಸ್ಸು ಮಾಡಿದರೆ ಗಂಟೆಯ ಲೆಕ್ಕದಲ್ಲಾದರೂ ಅವರನ್ನು ತರಗತಿಗೆ ಕರೆಯಬಹುದು.

ಅದಕ್ಕೆ ಆದೇಶ, ಅನುದಾನ, ಸಮಿತಿ ಎಂದು ವರ್ಷಗಳಾಗುವುದಾದರೆ, ಕನ್ನಡ ಮೇಷ್ಟ್ರುಗಳು ಈ ಸೆಮಿಸ್ಟರ್‌ನಲ್ಲೇ ಒಂದು ಕೆಲಸ ಮಾಡಬಹುದು. ನಾಟಕದ ಪಾಠದ ಪ್ರಶ್ನೆಪತ್ರಿಕೆಯಲ್ಲಿ ಪಾತ್ರದ ಗುಣಸ್ವಭಾವ ಕೇಳುವ ಕಡೆ ಹೀಗೆ ಕೇಳಲಿ: ಈ ದೃಶ್ಯವನ್ನು ನಿಮ್ಮ ಕಾಲೇಜಿನ ಅಂಗಳದಲ್ಲಿ ಆಡಿಸುವುದಾದರೆ ಯಾರನ್ನು ಎಲ್ಲಿ ನಿಲ್ಲಿಸುತ್ತೀರಿ, ಏಕೆ? ಹತ್ತು ಅಂಕ.