ನೆಲದಡಿಯ ಚುಕ್ಕಿಗಳು

ಮಕ್ಕಳೇ, ಕಣ್ಣಿಗೆ ಕಾಣದ ಬಿರುಕನ್ನು ನೆಲದಡಿಯಲ್ಲಿ ಹುಡುಕುವುದು ಹೇಗೆ? ಮಹಾರಾಷ್ಟ್ರದ ಕೊಯ್ನಾ ಕಣಿವೆಯ ಕಥೆ ಹೇಳುತ್ತೇನೆ. ನಮ್ಮ ಕೃಷ್ಣೆಗೆ ನೀರು ತರುವ ನದಿ ಕೊಯ್ನಾ.

1960ರ ದಶಕದಲ್ಲಿ ಅಲ್ಲಿನ ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ ನೆಲ ಆಗಾಗ ಸಣ್ಣಗೆ ನಡುಗತೊಡಗಿತು. 1967ರ ಡಿಸೆಂಬರ್ 11ರ ನಸುಕಿನಲ್ಲಿ ದೊಡ್ಡ ಭೂಕಂಪವೇ ಆಯಿತು. ಸುಮಾರು 200 ಜನ ತೀರಿಕೊಂಡರು. ನನ್ನ ಓರಗೆಯ ಅಜ್ಜ, ಅಜ್ಜಿಯರಿಗೆ ಆ ಸುದ್ದಿ ನೆನಪಿದ್ದೀತು, ಕೇಳಿ ನೋಡಿ.

ಸಣ್ಣ ಕಂಪನಗಳು ಇಂದಿಗೂ ನಿಂತಿಲ್ಲ. ಬಿರುಕಿನ ಗುಟ್ಟು ಹೇಳುವುದು ಅವೇ. ಕಂಪನವಾದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ, ಒಂದು ವೇಗ, ಇನ್ನೊಂದು ನಿಧಾನ. ಮಿಂಚಿಗೂ ಗುಡುಗಿಗೂ ನಡುವಿನ ಹೊತ್ತು ಎಣಿಸಿ ಸಿಡಿಲಿನ ದೂರ ಹೇಳುತ್ತೇವಲ್ಲ, ಹಾಗೆಯೇ ಇದೂ. ಅಲೆಗಳ ನಡುವೆ 1 ಸೆಕೆಂಡು ಅಂತರವಿದ್ದರೆ ಕಂಪನ ಹುಟ್ಟಿದ್ದು ಸುಮಾರು 8 ಕಿ.ಮೀ. ದೂರದಲ್ಲಿ. ಹಲವು ಕಡೆಯ ಭೂಕಂಪಮಾಪಕಗಳ ಲೆಕ್ಕ ಕೂಡಿಸಿದರೆ ಜಾಗವೂ ಆಳವೂ ತಿಳಿಯುತ್ತದೆ. ನಕ್ಷೆಯಲ್ಲಿ ಅಲ್ಲೊಂದು ಚುಕ್ಕಿ.

ರಂಗೋಲಿಯಂತೆ, ಒಂದೇ ಚುಕ್ಕಿಯಿಂದ ಚಿತ್ರ ಮೂಡದು. ನೂರಾರು ಚುಕ್ಕಿಗಳು ಸಾಲುಗೂಡಿದರೆ ಬಂಡೆಗಳು ಜರುಗುವ ಸ್ತರಭಂಗ ಅದೇ ಎಂದು ಗೊತ್ತಾಗುತ್ತದೆ. ಕೊಯ್ನಾದಲ್ಲಿ ಸುಮಾರು 1 ಕಿ.ಮೀ. ದಪ್ಪದ ಕರಿಕಲ್ಲಿನ ಹಾಸು ಅದನ್ನು ಮುಚ್ಚಿಕೊಂಡಿದೆ. ಅದಕ್ಕೇ ವಿಜ್ಞಾನಿಗಳು ಅಲ್ಲಿ 3 ಕಿ.ಮೀ. ಆಳದವರೆಗೂ ಕೊರೆದು ನೋಡಿದ್ದಾರೆ.

ಭೂಕಂಪ ಯಾವ ದಿನ ಎಂದು ಯಾರೂ ಹೇಳಲಾರರು. ಯಾವ ಜಾಗ ಅಪಾಯದ್ದು ಎಂದು ತಿಳಿದರೆ ಅಲ್ಲಿ ಮನೆ, ಶಾಲೆಗಳನ್ನಾದರೂ ಗಟ್ಟಿಯಾಗಿ ಕಟ್ಟಬಹುದಲ್ಲವೇ?